ಯಾವ ಊರಿನ ಗಂಟೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಲಂಡನ್, ದುಬೈ, ಸಿಂಗಪುರ, ನ್ಯೂಜೆರ್ಸಿ ಮೊದಲಾದ ಕಡೆ ನೆಲೆಸಿದ್ದಾರೆ. ನಮ್ಮ ಬಂಧುಬಳಗದಲ್ಲಿಯೂ ಹೊರದೇಶದಲ್ಲಿ ಒಬ್ಬರಾದರೂ ಇಲ್ಲದ ಮನೆ ಈಗ ಅಪರೂಪ. ಇವರೆಲ್ಲರ ಕರೆಗಳಲ್ಲಿ ಕುಶಲಪ್ರಶ್ನೆಗಿಂತ ಮೊದಲು ಬರುವ ಮಾತೊಂದಿದೆ: "ಸಾರ್, ಅಲ್ಲಿ ಈಗ ಎಷ್ಟು ಗಂಟೆ?" ಈ ಪ್ರಶ್ನೆ ನಾವು ತಿಳಿದಿರುವುದಕ್ಕಿಂತ ಬಹಳ ಹಳೆಯದು. ಶಿಕಾರಿಪುರ, ಸೊರಬ ಸೀಮೆಯವರು ದೂರದವರೊಡನೆ ದಿನವನ್ನೂ ವೇಳೆಯನ್ನೂ ಗೊತ್ತುಮಾಡಿಕೊಳ್ಳಲು ಕಾಲಕಾಲಕ್ಕೆ ಯಾವ ಯಾವ ಉಪಾಯಗಳನ್ನು ಆಶ್ರಯಿಸಿದರು ಎಂಬುದನ್ನು ಬರೆದಿಟ್ಟರೆ, ಇಂದು ಮೊಬೈಲಿನ ಕ್ಯಾಲೆಂಡರಿನೊಡನೆ ಹೆಣಗುವವರಿಗೂ ಅದರಿಂದ ಉಪಯೋಗವಾದೀತು ಎಂದು ನನಗೆ ಅನ್ನಿಸಿದೆ.

ಮೊದಲು ಭೂಗೋಳದ ಒಂದು ಪಾಠವನ್ನು ನೆನಪಿಗೆ ತಂದುಕೊಳ್ಳಿ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಆದ್ದರಿಂದ ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ಪೂರ್ವದ ಊರಿಗೆ ಸೂರ್ಯ ಮೊದಲು, ಪಶ್ಚಿಮದ ಊರಿಗೆ ಆಮೇಲೆ. ಶಿಕಾರಿಪುರ ಸುಮಾರು 75 ಡಿಗ್ರಿ 21 ಮಿನಿಟು ಪೂರ್ವ ರೇಖಾಂಶದಲ್ಲಿದೆ. ಸೊರಬ ಅದಕ್ಕಿಂತ ಕಾಲು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಎಂದರೆ ಶಿಕಾರಿಪುರದ ಸೂರ್ಯ ಸೊರಬದ ಸೂರ್ಯನಿಗಿಂತ ಸುಮಾರು ಒಂದು ನಿಮಿಷ ಮುಂದೆ. ನಾವು ಕೈಗೆ ಕಟ್ಟಿಕೊಳ್ಳುವ ಗಡಿಯಾರವಾದರೋ ಈ ಎರಡೂ ಊರುಗಳದ್ದಲ್ಲ. ಅದು 82 ಡಿಗ್ರಿ 30 ಮಿನಿಟು ರೇಖಾಂಶದ್ದು. ಏಳು ಡಿಗ್ರಿಗೂ ಮಿಕ್ಕ ಅಂತರ. ಆದಕಾರಣ ಗಡಿಯಾರ ಹನ್ನೆರಡು ಹೊಡೆದು ಸರಾಸರಿ 28 ನಿಮಿಷಗಳಾದ ಮೇಲೆಯೇ ಶಿಕಾರಿಪುರದಲ್ಲಿ ನಿಜವಾದ ಮಧ್ಯಾಹ್ನ. ಸೂರ್ಯನ ನಡೆ ವರ್ಷವಿಡೀ ಒಂದೇ ಸಮನಾಗಿಲ್ಲದಿರುವುದರಿಂದ ನವೆಂಬರ್ ಮೊದಲಲ್ಲಿ ಅದು 12-12ಕ್ಕೂ, ಫೆಬ್ರವರಿಯ ನಡುವೆ 12-43ಕ್ಕೂ ಬೀಳುತ್ತದೆ. ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು, ಅತಿ ಗಿಡ್ಡ ನೆರಳನ್ನು ಸೀಮೆಸುಣ್ಣದಿಂದ ಗುರುತು ಮಾಡಿದವರಿಗೆ ಇದು ನೆನಪಿರಬಹುದು.

ಈಗ ಇತಿಹಾಸಕ್ಕೆ ಬರೋಣ. ನಮ್ಮ ತಾಲ್ಲೂಕಿನಿಂದ ದೂರ ಪ್ರಯಾಣ ಮಾಡಿದವರಲ್ಲಿ ದಾಖಲೆಯುಳ್ಳ ಅತಿ ಹಳೆಯ ಹೆಸರುಗಳಲ್ಲಿ ಒಂದು ತಾಳಗುಂದದ ಮಯೂರಶರ್ಮನದು. ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿಗಿರುವ ಸ್ತಂಭಶಾಸನ ಕ್ರಿಸ್ತಶಕ ಐದನೆಯ ಶತಮಾನದ್ದು. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದನೆಂದು ಅದು ಹೇಳುತ್ತದೆ. ಮುಂದೆ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾದದ್ದು, ಆತ ಶಸ್ತ್ರ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ್ದು ನಿಮಗೆಲ್ಲ ಗೊತ್ತಿರುವ ಕಥೆ. ಘಟಿಕೆ ಎಂದರೆ ಇಲ್ಲಿ ವಿದ್ಯಾಸ್ಥಾನ. ಅದೇ ಪದಕ್ಕೆ ಗಳಿಗೆ ಎಂಬ ಅರ್ಥವೂ ಉಂಟು. ಕಂಚಿ ತಾಳಗುಂದಕ್ಕಿಂತ ಸುಮಾರು ನಾಲ್ಕೂವರೆ ಡಿಗ್ರಿ ಪೂರ್ವಕ್ಕಿದೆ. ಲೆಕ್ಕಕ್ಕೆ ಸುಮಾರು 18 ನಿಮಿಷಗಳ ವ್ಯತ್ಯಾಸ. ಮಯೂರಶರ್ಮನಿಗೆ ಅದು ಅರಿವಿಗೆ ಬಂದಿರಲಾರದು. ಕಾಲ್ನಡಿಗೆಯಲ್ಲಿ ಹಲವು ದಿನಗಳ ದಾರಿ. ದಿನಕ್ಕೊಂದು ನಿಮಿಷದಷ್ಟು ಬದಲಾವಣೆ ಯಾರ ಗಮನಕ್ಕೆ ಬಂದೀತು? ಹೋದ ಊರಿನ ಸೂರ್ಯೋದಯವೇ ಹೋದ ಊರಿನ ಕಾಲ. ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗಿದರೆ 24 ನಿಮಿಷಗಳ ಒಂದು ಗಳಿಗೆ ಎಂದೆಣಿಸುತ್ತಿದ್ದರು. ದಿನಕ್ಕೆ 60 ಗಳಿಗೆ. ಎಣಿಕೆಯ ಆರಂಭ ಆಯಾ ಊರಿನ ಸೂರ್ಯೋದಯದಿಂದಲೇ.

ಹಾಗಾದರೆ ಬೇರೆ ಬೇರೆ ಊರಿನವರು ಸೇರಿ ಒಪ್ಪಬೇಕಾದ ವ್ಯವಹಾರಕ್ಕೆ ಏನು ಮಾಡುತ್ತಿದ್ದರು? ಇದಕ್ಕೆ ಉತ್ತರ ಬಳ್ಳಿಗಾವಿಯ ಕಲ್ಲುಗಳಲ್ಲಿದೆ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಬಳ್ಳಿಗಾವಿ ಬನವಾಸಿ ನಾಡಿನ ಮುಖ್ಯ ಪಟ್ಟಣ. ಅಲ್ಲಿನ ಕೋಡಿಯ ಮಠ ವಿದ್ಯೆಗೆ ಹೆಸರಾದುದು; ನಾನಾ ಕಡೆಯಿಂದ ಬಂದ ಪರಿವ್ರಾಜಕರಿಗೂ ಅನಾಥರಿಗೂ ಅನ್ನ ದೊರೆಯುತ್ತಿದ್ದ ಸ್ಥಳ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ, ಸೊರಬದವನ್ನು ಎಂಟನೆಯ ಸಂಪುಟದಲ್ಲಿಯೂ ಪ್ರಕಟಿಸಿದ್ದಾರೆ. ಈ ದಾನಶಾಸನಗಳಲ್ಲಿ ದಿನವನ್ನು ಹೇಳುವ ಕ್ರಮವನ್ನು ಗಮನಿಸಬೇಕು. ಶಕವರ್ಷ ಇಷ್ಟನೆಯದು, ಸಂವತ್ಸರದ ಹೆಸರು ಇದು, ಇಂಥ ಮಾಸ, ಇಂಥ ಪಕ್ಷ, ಇಂಥ ತಿಥಿ, ಇಂಥ ವಾರ. ಅದರ ಮೇಲೆ ಉತ್ತರಾಯಣ ಸಂಕ್ರಾಂತಿಯೋ ಗ್ರಹಣವೋ ಇದ್ದರೆ ಅದೂ ಉಂಟು. ಒಂದೇ ದಿನಕ್ಕೆ ಐದಾರು ಗುರುತುಗಳು! ಪುಣ್ಯಕಾಲದ ಶ್ರದ್ಧೆ ಅದಕ್ಕೆ ಒಂದು ಕಾರಣ, ನಿಜ. ಆದರೆ ಫಲ ಮಾತ್ರ ಬೇರೊಂದು ಬಗೆಯದೂ ಆಯಿತು. ಒಂದು ಗುರುತು ಅಳಿಸಿಹೋದರೂ ಮಿಕ್ಕವುಗಳಿಂದ ದಿನವನ್ನು ಹಿಡಿಯಬಹುದು. ತಿಥಿಯೂ ವಾರವೂ ತಾಳೆಯಾಗದಿದ್ದರೆ ಎಲ್ಲಿಯೋ ತಪ್ಪಿದೆ ಎಂದು ಸಂದೇಹಿಸಬಹುದು. ಸಾವಿರ ವರ್ಷಗಳಾದ ಮೇಲೂ ವಿದ್ವಾಂಸರು ಈ ಶಾಸನಗಳ ದಿನಗಳನ್ನು ಪರೀಕ್ಷಿಸುವುದು ಇದೇ ಮಾರ್ಗದಲ್ಲಿ.

ಗ್ರಹಣಗಳಲ್ಲಿ ಚಂದ್ರಗ್ರಹಣಕ್ಕೆ ಒಂದು ವಿಶೇಷವಿದೆ. ಸೂರ್ಯಗ್ರಹಣ ಒಂದು ಊರಿಗೆ ಕಂಡರೆ ಇನ್ನೊಂದಕ್ಕೆ ಕಾಣದಿರಬಹುದು; ಕಂಡರೂ ಬೇರೆ ಹೊತ್ತಿನಲ್ಲಿ. ಚಂದ್ರಗ್ರಹಣವಾದರೋ ಚಂದ್ರ ಕಾಣುವ ಎಲ್ಲ ಊರುಗಳಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಅದು ಆಕಾಶದಲ್ಲಿ ತೂಗುಹಾಕಿದ ಒಂದು ಗಡಿಯಾರವಿದ್ದಂತೆ. ನಮ್ಮ ಪ್ರಾಚೀನ ಜ್ಯೋತಿರ್ವಿದರು ಇದನ್ನು ಬಲ್ಲವರಾಗಿದ್ದರು. ಸೂರ್ಯಸಿದ್ಧಾಂತದಲ್ಲಿ ಉಜ್ಜಯಿನಿಯ ಮೂಲಕ ಹಾಯುವ ರೇಖೆಯೇ ಮೂಲರೇಖೆ. ಆ ರೇಖೆಗೆ ಗಣಿಸಿದ ಗ್ರಹಣಕಾಲವನ್ನು ತಮ್ಮ ಊರಿನಲ್ಲಿ ಕಂಡ ಕಾಲದೊಡನೆ ಹೋಲಿಸಿ, ಮೂಲರೇಖೆಯಿಂದ ತಾವು ಎಷ್ಟು ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದೇವೆಂದು ತಿಳಿಯುವ ವಿಧಾನವನ್ನು ಅದು ವಿವರಿಸುತ್ತದೆ. ಈ ತಿದ್ದುಪಡಿಗೆ ದೇಶಾಂತರ ಎಂದು ಹೆಸರು. ಅದಕ್ಕೂ ಹಿಂದೆ ಕ್ರಿಸ್ತಶಕ 499ರ ಕಾಲದ ಆರ್ಯಭಟನು, ಲಂಕೆಯಲ್ಲಿ ಸೂರ್ಯೋದಯವಾದಾಗ ಸಿದ್ಧಪುರದಲ್ಲಿ ಸೂರ್ಯಾಸ್ತ, ಯವಕೋಟಿಯಲ್ಲಿ ಮಧ್ಯಾಹ್ನ, ರೋಮಕದಲ್ಲಿ ನಡುರಾತ್ರಿ ಎಂದು ಹೇಳಿದ್ದನು. ಜಗತ್ತಿನಲ್ಲಿ ಒಂದೇ ಕ್ಷಣಕ್ಕೆ ನಾಲ್ಕು ಹೊತ್ತುಗಳಿರುತ್ತವೆ ಎಂಬ ತಿಳಿವಳಿಕೆ ಹೀಗೆ ನಮ್ಮಲ್ಲಿ ಒಂದೂವರೆ ಸಾವಿರ ವರ್ಷಗಳಷ್ಟು ಹಳೆಯದು. ನಮ್ಮವರಿಗೆ ಸಂತೋಷವಾಗುವ ಒಂದು ವಿಷಯವನ್ನೂ ಹೇಳುತ್ತೇನೆ. ಉಜ್ಜಯಿನಿಯ ರೇಖಾಂಶ ಸುಮಾರು 75 ಡಿಗ್ರಿ 46 ಮಿನಿಟು. ಶಿಕಾರಿಪುರಕ್ಕೂ ಅದಕ್ಕೂ ಅಂತರ ಎರಡು ನಿಮಿಷಗಳಿಗಿಂತ ಕಡಮೆ! ಹಳೆಯ ಭಾರತದ ಮೂಲರೇಖೆಯ ಮಗ್ಗುಲಲ್ಲೇ ನಾವಿದ್ದೆವು.

ಈ ನೆಮ್ಮದಿಯನ್ನು ಕಲಕಿದ್ದು ರೈಲು. ಎತ್ತಿನ ಗಾಡಿಗೆ ನಿಮಿಷ ಬೇಕಿರಲಿಲ್ಲ, ರೈಲಿಗೆ ಬೇಕು. ಅಮೆರಿಕದ ರೈಲು ಕಂಪನಿಗಳು 1883ರ ನವೆಂಬರ್ 18ರಂದು ತಮ್ಮ ನೂರಾರು ಸ್ಥಾನಿಕ ವೇಳೆಗಳನ್ನು ಬಿಟ್ಟು ಕೆಲವೇ ವಲಯಗಳ ವೇಳೆಗೆ ಬಂದವು. ಮರುವರ್ಷ, 1884ರಲ್ಲಿ, ವಾಷಿಂಗ್ಟನ್ನಿನಲ್ಲಿ 25 ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಗ್ರೀನಿಚ್ಚನ್ನು ಮೂಲರೇಖೆ ಎಂದು ಅಂಗೀಕರಿಸಿದರು. ಭಾರತದಲ್ಲಿ ಆಗ ರೈಲುಗಳು ಓಡುತ್ತಿದ್ದುದು ಮದ್ರಾಸ್ ವೇಳೆಗೆ. ಅದು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. ಬೊಂಬಾಯಿ ನಗರದ ವೇಳೆ 4 ಗಂಟೆ 51 ನಿಮಿಷ, ಕಲ್ಕತ್ತೆಯದು 5 ಗಂಟೆ 53 ನಿಮಿಷಗಳಿಗೆ ಸ್ವಲ್ಪ ಹೆಚ್ಚು ಮುಂದೆ. ಬೊಂಬಾಯಿಯಲ್ಲಿ ರೈಲು ಹಿಡಿಯುವವನು ಊರಿನ ಗಡಿಯಾರವನ್ನು ನಂಬಿದರೆ ಅರ್ಧ ಗಂಟೆ ತಡ.

ನಮ್ಮ ಕಡೆಗೆ ರೈಲು ಬಂದದ್ದು 1899ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ. ಅದು ತಾಳಗುಪ್ಪದವರೆಗೆ ಪೂರ್ತಿಯಾಗಲು 1940 ಆಯಿತು. ಆ ಮೊದಲ ವರ್ಷಗಳಲ್ಲಿ ಗಾಡಿ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೋಗಿ ರೈಲು ಹಿಡಿಯಬೇಕಾದ ಶಿಕಾರಿಪುರದ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಅವನ ತಲೆಯ ಮೇಲೆ ಸೂರ್ಯ ನೆತ್ತಿಗೆ ಬಂದಾಗ ರೈಲಿನ ಮದ್ರಾಸ್ ಗಡಿಯಾರದಲ್ಲಿ ಆಗಲೇ ಸರಾಸರಿ 12-20. ಸೊರಬದವನ ಪಾಡೂ ಅದೇ. ಸೊರಬದಿಂದ ಕೆಲವೇ ಮೈಲಿ ದೂರದ ಬನವಾಸಿ ಆಗ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. ಸೊರಬ ಮೈಸೂರು ಸಂಸ್ಥಾನಕ್ಕೆ. ಎರಡೂ ಊರಿನ ಸೂರ್ಯರಿಗೆ ಅರ್ಧ ನಿಮಿಷದ ವ್ಯತ್ಯಾಸವೂ ಇಲ್ಲ, ಆದರೆ ಒಂದರ ರಾಜಧಾನಿ ಬೊಂಬಾಯಿ, ಇನ್ನೊಂದರದು ಮೈಸೂರು, ರೈಲಿನ ಗಂಟೆ ಮದ್ರಾಸಿನದು! ಕಾಲ ಸೂರ್ಯನ ಕೈಯಿಂದ ದೂರದ ಕಛೇರಿಗಳ ಕೈಗೆ ಹೋದದ್ದು ಹೀಗೆ.

1906ರ ಜನವರಿ 1ರಿಂದ ಭಾರತೀಯ ಪ್ರಮಾಣ ವೇಳೆ, ಅಂದರೆ ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದಿನ ವೇಳೆ, ಜಾರಿಗೆ ಬಂದಿತು. ಮದ್ರಾಸಿಗೆ 9 ನಿಮಿಷದ ಬದಲಾವಣೆ. ಅದು ಹೆಚ್ಚು ಗದ್ದಲವಿಲ್ಲದೆ ಒಪ್ಪಿತು. ಬೊಂಬಾಯಿಗೆ 39 ನಿಮಿಷ. ಅಲ್ಲಿ ಗಿರಣಿ ಕಾರ್ಮಿಕರು ಪ್ರತಿಭಟಿಸಿದರು, ನಾಗರಿಕರು ಸಭೆ ಸೇರಿದರು. ದಿನವೂ 39 ನಿಮಿಷ ಮೊದಲೇ ಏಳಬೇಕಾಗುವವರ ಸಂಕಟ ಅದು. ಜೊತೆಗೆ ಪರಕೀಯ ಸರ್ಕಾರ ನಮ್ಮ ಗಡಿಯಾರವನ್ನೂ ಕಿತ್ತುಕೊಂಡಿತೆಂಬ ರೋಷ. ಬೊಂಬಾಯಿ ವೇಳೆ ಒಂದಲ್ಲ ಒಂದು ರೂಪದಲ್ಲಿ 1955ರವರೆಗೆ ಉಳಿಯಿತು. ಕಲ್ಕತ್ತೆ ತನ್ನ ವೇಳೆಯನ್ನು ಬಿಟ್ಟದ್ದು 1948ರಲ್ಲಿ. ನಡುವೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಸರ್ಕಾರ ಗಡಿಯಾರಗಳನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಆ ಲೆಕ್ಕದಲ್ಲಿ ನಮ್ಮ ಮಧ್ಯಾಹ್ನ ಒಂದೂವರೆ ಗಂಟೆಗೆ! ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮದೇ ಸ್ವತಂತ್ರ ಸರ್ಕಾರವೆಂದು ಸಾರಿದ್ದೂ ಅದೇ 1942ರ ಸೆಪ್ಟೆಂಬರ್ ತಿಂಗಳಲ್ಲಿಯೇ.

ಸ್ವಾತಂತ್ರ್ಯಾನಂತರ ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು ಗಣನೆಗೆ ಒಂದು ಮಧ್ಯಬಿಂದುವನ್ನು ಆರಿಸಿತು. ರೇಖಾಂಶ ಪ್ರಮಾಣ ವೇಳೆಯ 82 ಡಿಗ್ರಿ 30 ಮಿನಿಟು. ಅಕ್ಷಾಂಶ ಮಾತ್ರ ಉಜ್ಜಯಿನಿಯದು. ಹಳೆಯದಕ್ಕೂ ಹೊಸದಕ್ಕೂ ಮಾಡಿದ ಸಂಧಾನ ಅದು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಬಳಕೆಗೆ ಬಂದಿತು.

ಇಷ್ಟು ಚರಿತ್ರೆಯನ್ನು ಹೇಳಿದ್ದರ ಉದ್ದೇಶ ಒಂದೇ. ಗಂಟೆ ಎಂಬುದು ಯಾವಾಗಲೂ ಒಂದು ಊರಿಗೆ ಸೇರಿದ್ದು. ಇಡೀ ದೇಶಕ್ಕೆ ಒಂದೇ ಗಡಿಯಾರವಾದ ಮೇಲೆ ನಾವು ಇದನ್ನು ಮರೆತೆವು. ಶಿಕಾರಿಪುರದವನು ದೆಹಲಿಯವನಿಗೆ "ಹತ್ತು ಗಂಟೆಗೆ" ಎಂದರೆ ಸಾಕು. ಈ ಅಭ್ಯಾಸವನ್ನು ಸಮುದ್ರದಾಚೆಗೂ ಕೊಂಡೊಯ್ದಾಗ ತೊಂದರೆ ಹುಟ್ಟುತ್ತದೆ. ಅದು ಕೆಲವೊಮ್ಮೆ ಸಣ್ಣ ತೊಂದರೆಯಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಿತರ ಮನೆಯ ಹಿರಿಯರೊಬ್ಬರು ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿದ್ದರು. ಹಿರಿಯ ಮಗ ನ್ಯೂಜೆರ್ಸಿಯಲ್ಲಿ, ಮಗಳು ಲಂಡನ್ನಿನಲ್ಲಿ, ಕಿರಿಯ ಮಗ ಇಲ್ಲಿಯೇ. ವೈದ್ಯರು ದಿನವೂ ಸಂಜೆ ಏಳೂವರೆಗೆ ಮನೆಯವರೊಡನೆ ಮಾತನಾಡುತ್ತಿದ್ದರು. ನ್ಯೂಜೆರ್ಸಿಯ ಮಗ ತನ್ನ ಫೋನಿನಲ್ಲಿ "ಬೆಳಿಗ್ಗೆ 10" ಎಂದು ಗುರುತು ಹಾಕಿಕೊಂಡು ತಪ್ಪದೆ ಸೇರುತ್ತಿದ್ದ. ನವೆಂಬರ್ ತಿಂಗಳ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋದವು. ಸೋಮವಾರ ಅವನು ಎಂದಿನಂತೆ ತನ್ನ ಹತ್ತು ಗಂಟೆಗೆ ಕರೆಮಾಡಿದಾಗ ಇಲ್ಲಿ ಎಂಟೂವರೆ. ವೈದ್ಯರು ಮಾತು ಮುಗಿಸಿ ಹೋಗಿದ್ದರು. ತಂದೆಯವರಿಗೆ ಉಸಿರಾಟದ ಯಂತ್ರ ಹಾಕುವುದೋ ಬೇಡವೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು. ಹಾಕಿ ಎಂದು ಇಲ್ಲಿದ್ದವರು ಒಪ್ಪಿಗೆ ಕೊಟ್ಟಿದ್ದರು. "ನನಗೆ ಅಂಥದ್ದೆಲ್ಲ ಬೇಡ" ಎಂದು ತಂದೆ ಹಿಂದೊಮ್ಮೆ ಹೇಳಿದ್ದುದು ಆ ಹಿರಿಯ ಮಗನೊಬ್ಬನಿಗೆ ಮಾತ್ರ. ಆ ಮಾತು ಮನೆಯವರಿಗೆ ತಿಳಿದದ್ದು ಯಂತ್ರ ಹಾಕಿದ ಮೇಲೆ. ಯಾರನ್ನು ದೂಷಿಸುವುದು? ಎಲ್ಲರೂ ತಂತಮ್ಮ ಗಡಿಯಾರಕ್ಕೆ ಸರಿಯಾಗಿಯೇ ನಡೆದುಕೊಂಡಿದ್ದರು.

ಈ ಬೇಸಿಗೆಯ ವೇಳೆಯ ಪದ್ಧತಿಯನ್ನು 1916ರಲ್ಲಿ ಮೊದಲ ಮಹಾಯುದ್ಧದ ನಡುವೆ ಜರ್ಮನಿ ದೇಶವ್ಯಾಪಿಯಾಗಿ ಆರಂಭಿಸಿತು. ಅಮೆರಿಕದಲ್ಲಿ ಅದು ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. ಹಾಗಾಗಿ ಬೆಂಗಳೂರಿಗೂ ನ್ಯೂಯಾರ್ಕಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ. ಲಂಡನ್ನಿಗೆ ಐದೂವರೆ ಮತ್ತು ನಾಲ್ಕೂವರೆ. ಎರಡೂ ದೇಶಗಳು ಬೇರೆ ಬೇರೆ ವಾರಗಳಲ್ಲಿ ಬದಲಾಗುವುದರಿಂದ ಮಾರ್ಚ್ ತಿಂಗಳಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ, ಮೂರು ಊರಿನವರ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ದುಬೈ ಮತ್ತು ಸಿಂಗಪುರದವರಿಗೆ ಈ ಕಾಟವಿಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ.

ಪ್ರಯಾಣದಲ್ಲಿರುವವರಿಗೆ ಇನ್ನೊಂದು ತೊಡಕು. ಮೇ ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿ ಕುಳಿತು, ಸೊರಬದ ಮದುವೆಯ ಮುಹೂರ್ತವೆಂದು ಫೋನಿನ ಕ್ಯಾಲೆಂಡರಿನಲ್ಲಿ "ಬೆಳಿಗ್ಗೆ 10" ಎಂದು ಬರೆದಿಡುತ್ತೀರಿ. ಬೆಂಗಳೂರಿನಲ್ಲಿ ವಿಮಾನ ಇಳಿದಾಗ ಅದು "ಸಂಜೆ 7-30" ಎಂದು ತೋರಿಸುತ್ತದೆ. ಫೋನಿಗೆ ಬುದ್ಧಿ ಕೆಟ್ಟಿಲ್ಲ. ನೀವು ಬರೆದದ್ದು ನ್ಯೂಜೆರ್ಸಿಯ ಹತ್ತು ಗಂಟೆ ಎಂದು ಅದು ತಿಳಿಯಿತು. ಆ ಕ್ಷಣವನ್ನು ಇಲ್ಲಿನ ವೇಳೆಗೆ ನಿಷ್ಠೆಯಿಂದ ಬದಲಾಯಿಸಿತು. ಇಲ್ಲಿ ಎರಡು ಬಗೆಯ ಗೊತ್ತುಪಾಡುಗಳಿವೆ. ಒಂದು, ಚಂದ್ರಗ್ರಹಣದಂತೆ ಎಲ್ಲರಿಗೂ ಒಂದೇ ಕ್ಷಣದ್ದು: ದೂರವಾಣಿ ಸಭೆ, ವಿಮಾನ ಹೊರಡುವ ಹೊತ್ತು, ಊರಿನ ಮುಹೂರ್ತ. ಇನ್ನೊಂದು, ಸೂರ್ಯೋದಯದಂತೆ ನೀವು ಇರುವ ಊರಿನೊಡನೆ ನಡೆಯುವಂಥದ್ದು: ಬೆಳಗಿನ ವಾಯುವಿಹಾರ, ಊಟ. ಮೊದಲ ಬಗೆಯದಕ್ಕೆ ಕ್ಯಾಲೆಂಡರಿನಲ್ಲಿ ವೇಳೆಯ ಜೊತೆಗೆ ಸಮಯ ವಲಯವನ್ನೂ ಆರಿಸಬೇಕು. ಭಾರತಕ್ಕೆ ಗಣಕಯಂತ್ರಗಳ ಪಟ್ಟಿಯಲ್ಲಿರುವ ಹೆಸರು "ಏಷ್ಯಾ/ಕೋಲ್ಕತ್ತಾ". ಪ್ರಮಾಣ ವೇಳೆಯನ್ನು 1948ರವರೆಗೆ ಒಪ್ಪದಿದ್ದ ನಗರದ ಹೆಸರೇ ಇಂದು ಇಡೀ ದೇಶದ ವೇಳೆಗೆ ಹೆಸರಾಗಿರುವುದು ಚರಿತ್ರೆಯ ವಿನೋದ. ಮೊಮ್ಮಕ್ಕಳನ್ನು ನೋಡಲು ಹೊರಡುವ ಹಿರಿಯರು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಔಷಧಿಯನ್ನು ಅಲ್ಲಿ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಿರಿ. ಅದನ್ನು ಫೋನಿನ ಊಹೆಗೆ ಬಿಡಬೇಡಿರಿ.

ಹಬ್ಬಗಳ ಮಾತೂ ಹೀಗೆಯೇ. "ಊರಿನಲ್ಲಿ ಸೋಮವಾರ ಯುಗಾದಿ, ಇಲ್ಲಿ ಭಾನುವಾರ ಎನ್ನುತ್ತಾರೆ, ಯಾವುದು ಸರಿ?" ಎಂದು ಅಮೆರಿಕದಲ್ಲಿರುವ ಬಂಧುಗಳು ಕೇಳುತ್ತಾರೆ. ಪಾಡ್ಯ ನಮ್ಮ ವೇಳೆಯಲ್ಲಿ ಭಾನುವಾರ ಬೆಳಿಗ್ಗೆ 7-30ಕ್ಕೆ ಆರಂಭವಾಗಿ ಸೋಮವಾರ ಬೆಳಿಗ್ಗೆ 7ಕ್ಕೆ ಮುಗಿಯಿತೆನ್ನಿ. ಸೊರಬದಲ್ಲಿ ಆ ದಿನಗಳಲ್ಲಿ ಸೂರ್ಯೋದಯ ಸುಮಾರು ಆರೂವರೆಗೆ. ಭಾನುವಾರದ ಸೂರ್ಯೋದಯಕ್ಕೆ ಇನ್ನೂ ಅಮಾವಾಸ್ಯೆ, ಸೋಮವಾರದ್ದಕ್ಕೆ ಪಾಡ್ಯ. ಆದ್ದರಿಂದ ಯುಗಾದಿ ಸೋಮವಾರ. ಅದೇ ಪಾಡ್ಯ ನ್ಯೂಜೆರ್ಸಿಯ ಗಡಿಯಾರದಲ್ಲಿ ಶನಿವಾರ ರಾತ್ರಿ 10ಕ್ಕೆ ಆರಂಭವಾಗಿ ಭಾನುವಾರ ರಾತ್ರಿ 9-30ಕ್ಕೆ ಮುಗಿಯುತ್ತದೆ. ಅಲ್ಲಿನ ಸೂರ್ಯೋದಯಕ್ಕೆ ಪಾಡ್ಯವಿರುವುದು ಭಾನುವಾರವೇ. ಎರಡೂ ಸರಿ. ತಂದೆತಾಯಿಗಳ ಶ್ರಾದ್ಧದ ತಿಥಿಗೆ ಅಪರಾಹ್ಣದ ವ್ಯಾಪ್ತಿಯನ್ನು ನೋಡುವ ನಿಯಮವಿರುವುದರಿಂದ ಲೆಕ್ಕ ಇನ್ನೂ ಸೂಕ್ಷ್ಮ. ಪುರೋಹಿತರನ್ನು "ತಿಥಿ ಯಾವತ್ತು?" ಎಂದಷ್ಟೇ ಕೇಳದೆ, ನೀವು ಯಾವ ಊರಿನಲ್ಲಿ ಮಾಡುತ್ತೀರೆಂದು ಹೇಳಿ ಕೇಳಿರಿ.

ವಾರದ ಹೆಸರನ್ನೂ ಕಡೆಗಣಿಸಬಾರದು. ಮೆಗೆಲನ್ನನ ಹಡಗಿನವರು ಪಶ್ಚಿಮದ ದಾರಿಯಲ್ಲೇ ಭೂಮಿಯನ್ನು ಸುತ್ತಿ 1522ರ ಜುಲೈಯಲ್ಲಿ ಕೇಪ್ ವರ್ಡ್ ದ್ವೀಪಗಳನ್ನು ಮುಟ್ಟಿದಾಗ, ತಮ್ಮ ಲೆಕ್ಕದಲ್ಲಿ ಬುಧವಾರವಾಗಿದ್ದುದು ದಡದವರಿಗೆ ಗುರುವಾರವೆಂದು ಕೇಳಿ ಬೆರಗಾದರು. ದಿನಚರಿಯನ್ನು ತಪ್ಪದೆ ಬರೆದಿಟ್ಟಿದ್ದ ಪಿಗಾಫೆಟ್ಟಾ ತಾನೆಲ್ಲಿ ತಪ್ಪಿದೆನೆಂದು ಚಿಂತಿಸಿದ. ಆತ ತಪ್ಪಿರಲಿಲ್ಲ, ಸೂರ್ಯನ ಜೊತೆಗೆ ಸಾಗಿ ಒಂದು ಸೂರ್ಯೋದಯವನ್ನು ಕಡಮೆ ಕಂಡಿದ್ದ. ಇಂದು ಕ್ಯಾಲಿಫೋರ್ನಿಯದ ಮಗಳು ಚಳಿಗಾಲದ ಭಾನುವಾರ ಸಂಜೆ ಆರು ಗಂಟೆಗೆ ಕರೆಮಾಡುತ್ತೇನೆ ಎಂದರೆ ಇಲ್ಲಿನ ತಾಯಿಗೆ ಅದು ಸೋಮವಾರ ಬೆಳಿಗ್ಗೆ ಏಳೂವರೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದು ವಿನಂತಿ. ಯಾರಿಗಾದರೂ ವೇಳೆ ಕೊಡುವಾಗ ಬಳ್ಳಿಗಾವಿಯ ಶಾಸನ ಬರೆದವರಂತೆ ಕೊಡಿರಿ. "ಸಂಜೆ ಏಳೂವರೆಗೆ" ಎಂದಿಷ್ಟೇ ಬರೆಯದೆ, "ನವೆಂಬರ್ ಇಂಥ ತಾರೀಖು, ಸೋಮವಾರ, ಶಿವಮೊಗ್ಗದ ಸಂಜೆ 7-30, ನಿಮ್ಮ ನ್ಯೂಜೆರ್ಸಿಯ ಬೆಳಿಗ್ಗೆ 9" ಎಂದು ಬರೆಯಿರಿ. ತಾರೀಖು, ವಾರ, ಎರಡೂ ಊರಿನ ಹೆಸರು, ಎರಡೂ ಊರಿನ ಗಂಟೆ. ಒಂದು ತಪ್ಪಿದರೆ ಇನ್ನೊಂದು ಹಿಡಿದು ತೋರಿಸುತ್ತದೆ. ಮಾರ್ಚ್, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಿಂದಿನ ದಿನ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿರಿ. ಮನೆಯ ಹಿರಿಯರು ಆಸ್ಪತ್ರೆಯಲ್ಲಿದ್ದಾಗಲಂತೂ ಇದನ್ನು ಮರೆಯಬೇಡಿರಿ.

ಮನೆಪಾಠವಾಗಿ ಒಂದು ಲೆಕ್ಕ: ನೀವು ಈಗಿರುವ ಊರಿನ ರೇಖಾಂಶವನ್ನು ಹುಡುಕಿ, ಶಿಕಾರಿಪುರದ 75 ಡಿಗ್ರಿ 21 ಮಿನಿಟಿನಿಂದ ಅದು ಎಷ್ಟು ದೂರವೆಂದು ನೋಡಿ, ನಾಲ್ಕರಿಂದ ಗುಣಿಸಿರಿ. ನಿಮ್ಮ ಸೂರ್ಯನಿಗೂ ನಮ್ಮ ಸೂರ್ಯನಿಗೂ ಎಷ್ಟು ನಿಮಿಷಗಳ ಅಂತರವೆಂದು ತಿಳಿಯುತ್ತದೆ. ಉತ್ತರವನ್ನು ನನಗೆ ಬರೆದು ಕಳುಹಿಸಿರಿ. ಊರಿನ ಹೆಸರು ಬರೆಯದವರಿಗೆ ಅಂಕವಿಲ್ಲ.

ಎಲ್ಲರಿಗೂ ಶುಭವಾಗಲಿ.